ಫಯಾಜನ ರ‍್ಯಾಕೆಟ್ಟು

ಸುರುಳಿಯನ್ನು ಪೊಟ್ಟಣದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಪ್ರಾಣೇಶನಿಗೆ ಮೊಟ್ಟಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಅಂಜಿಕೆ, ನಾಚಿಕೆ, ಹೇಸಿಕೆ ಎಲ್ಲಾ ಆಮೇಲೆ ಬಂದವು, ಬಂದೇ ಬಂದವು. ಆದರೆ ಮೊದಲು ಬಂದದ್ದು ಸಂತೋಷ, ಅದೂ ಸಣ್ಣವನಿದ್ದಾಗ ಯಾರಿಗೂ ಕಾಣದಂತೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಾಗ ಆಗುತ್ತಿತ್ತಲ್ಲ, ಅಂಥಾದ್ದು. ತಿಳಿ ಜೇನಿನ ಬಣ್ಣ. ನೈಲಾನಿಗೆ ಇರುವ ಪ್ಲಾಸ್ಟಿಕ್ ಮಿಂಚು ಇದಕ್ಕಿಲ್ಲ. ಬೆಳಕು ಇದರ ಮೇಲೆ ಬಿದ್ದು ಜಾರುವುದಿಲ್ಲ, ಒಳಗೆ ಹೋಗಿ ಕೂಡುತ್ತದೆ. ಮೂಗಿನ ಹತ್ತಿರ ತಂದ. ಇದೆಯೋ ಇಲ್ಲವೋ ಅನ್ನುವಷ್ಟು ಒಂದು ವಾಸನೆ. ಬೇರೆ ಯಾರಿಗಾದರೂ ತಿಳಿಯುತ್ತಿರಲಿಲ್ಲ, ಅವನಿಗೆ ತಿಳಿಯಿತು. ಸವಣೂರಿನ ದನದ ದವಾಖಾನೆಯ ಡಾಕ್ಟರು ಅವನು. ಇದು ಆಕಳ ಕರುಳು. ಕರುಳಿನ ಮೇಲಿನ ತೆಳು ಪೊರೆ ಸುಲಿದು, ಹೊಸೆದು, ಒಣಗಿಸಿ, ತಿಕ್ಕಿ ನಯಮಾಡಿ, ಎಲ್ಲಿಯೋ ದೂರದ ದೇಶದಲ್ಲಿ ಮಾಡಿದ ದಾರ. ಟೆನಿಸ್ ಆಡುವವರೆಲ್ಲ ರ‍್ಯಾಕೆಟ್ಟಿಗೆ ನೈಲಾನು ಹಾಕಿಸಿಕೊಂಡು ಬಂದು, ಗಟ್ಟು ಅಂದರೆ ಕರುಳು ಅನ್ನುವುದು ಗೊತ್ತಿಲ್ಲದೆ, ಗಟ್ಟಿಂಗ್ ಮಾಡಿಸಿದೆ ಅನ್ನುತ್ತಾರೆ. ನಿಜವಾದ ಕರುಳನ್ನು ಕೈಯಲ್ಲಿ ಹಿಡಿದವರು ಇತ್ತ ಹಾನಗಲ್ಲಿನಿಂದ ಅತ್ತ ಶಿಗ್ಗಾಂವಿಯವರೆಗೆ ಒಬ್ಬರಾದರೂ ಇದ್ದಾರೋ ಇಲ್ಲವೋ.

ಒಳಗೆ ತಾಯಿ ಭಾಗೀರಥಿಬಾಯಿ ಮಡಿಯುಟ್ಟು ಅಡಿಗೆಗೆ ನಿಂತಿದ್ದಳು. ಹೊರಗಿನ ಈ ಖೋಲಿಗೂ ಅಡಿಗೆಮನೆಗೂ ನಡುವೆ ಪಡಸಾಲೆ, ಪಡಸಾಲೆಗೆ ಹೊಂದಿ ದೇವರ ಮನೆ. ಅಂದರೆ ಈ ಸುರುಳಿಗೂ ಸಂಪುಟದಲ್ಲಿರುವ ಸಾಲಿಗ್ರಾಮಕ್ಕೂ ನಡುವೆ ಒಂದು ಗೋಡೆ, ಅರ್ಧ ಪಡಸಾಲೆ. ಮುಂಜಾನೆ ತಾನೇ ಪೂಜೆ ಮಾಡಿ ಸಂಪುಟ ಮುಚ್ಚಿದ ಮೇಲೆಯೇ ಅವನು ಪೊಟ್ಟಣ ತೆಗೆದದ್ದು, ಹಾಗೆ ಮಾಡಿದರೆ ಏನೋ ಕಡಿಮೆಯಾಗುತ್ತದೆ ಅನ್ನುವವನ ಹಾಗೆ. ಈ ಖೋಲಿ ಮನೆಯೇ ಅಲ್ಲ, ಇದರ ಬಾಗಿಲು ಕಟ್ಟೆಗೆ ತೆರೆಯುತ್ತದೆ, ಅಪ್ಪ ಇದ್ದಾಗ ಇಲ್ಲಿ ಶೇಂಗಾದ ಚೀಲ ಒಟ್ಟುತ್ತಿದ್ದರು ಎಂದು ತನಗೆ ತಾನೇ ವಕೀಲನಾಗಿ ವಾದ ಮಾಡಿದ. ದವಾಖಾನೆಯಲ್ಲಿ ದನದ ಗಾಯ ಹೊಲಿಯುವ ದಾರವೂ ಕರುಳಿನದೇ ಅಲ್ಲವೇ? ಅದನ್ನು ಮುಟ್ಟಿದ ಕೈಯಿಂದಲೇ ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡುವುದಿಲ್ಲವೇ? ಮಾಡುತ್ತಾನೆ. ಆದರೆ ಅದು ಹೊಟ್ಟೆಪಾಡು, ಇದು ಶೋಕಿ. ಈ ಮಾತು ವಾದದ ನಡುವೆ ತಾನಾಗಿ ಎದ್ದು ನಿಂತಿತು. ಅವನು ಕೇಳಿಸಿಕೊಳ್ಳದವನ ಹಾಗೆ ರ‍್ಯಾಕೆಟ್ಟನ್ನು ದಾರ ಬಿಗಿಯುವ ಮಷಿನ್ನಿಗೆ ಕೂಡಿಸಿ ತಿರುಪು ಬಿಗಿಯತೊಡಗಿದ.

ರ‍್ಯಾಕೆಟ್ಟು ಫಯಾಜನದು. ಊರ ಹೊರಗೆ ಫಯಾಜನದು ವೀಳ್ಯದೆಲೆಯ ತೋಟ; ಅಪ್ಪ ಜಮಾಲಸಾಬ ಹಬ್ಬಿಸಿ ಹೋದ ಬಳ್ಳಿ, ಈಗ ಇವನು ನೋಡಿಕೊಳ್ಳುತ್ತಾನೆ. ಸಣ್ಣವರಿದ್ದಾಗ ಇಬ್ಬರೂ ಇದೇ ಕಟ್ಟೆಯ ಮೇಲೆ ಕೂತು ಭಾಗೀರಥಿಬಾಯಿಯ ಹತ್ತಿರ ಮಗ್ಗಿ ಕಲಿತವರು. ಆಕೆ ಆಗ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಫಯಾಜ ಇವತ್ತಿಗೂ ಬಾಯಾರ ಅಂತಲೇ ಕರೆಯುತ್ತಾನೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವಾಗ ಎಲೆ ತಂದು ಕಟ್ಟೆಯ ಮೇಲಿಡುತ್ತಾನೆ. ಆಕೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಾಳೆ, ಅದೇ ಎಲೆ ದೇವರ ಮುಂದೆ ಹೋಗುತ್ತದೆ. ಓಣಿಯವರು ಯಾರಾದರೂ ಕೊಂಕು ತೆಗೆದರೆ, ನೀವು ಸಂತಿಯೊಳಗ ತರೂ ಎಲಿ ಯಾರ ತೋಟದ್ದು ಅಂತ ಮೊದಲ ಕೇಳಿಕೊಂಡು ಬರ್ರಿ, ಆಮ್ಯಾಲೆ ನನಗ ಹೇಳ್ರಿ ಅನ್ನುತ್ತಾಳೆ. ಈ ಮನೆಯ ಪಡಸಾಲೆಯವರೆಗೆ ಬಂದು ಕುರ್ಚಿಯ ಮೇಲೆ ಕೂತು ಚಹಾ ಕುಡಿಯುವ ಪರಜಾತಿಯವನು ಫಯಾಜ ಒಬ್ಬನೇ. ಪ್ರಾಣೇಶನ ಹೆಂಡತಿ ವೃಂದಾ ಹಿರೇಕೆರೂರಿನ ಹೈಸ್ಕೂಲಿನಲ್ಲಿ ಟೀಚರು, ವಾರವಿಡೀ ಅಲ್ಲೇ ಇರುತ್ತಾಳೆ. ಮನೆಯಲ್ಲಿ ತಾಯಿ ಮಗ ಇಬ್ಬರೇ ಮಾತಿಲ್ಲದೆ ಕೂತಿರುವಾಗ ಫಯಾಜ ಬಂದನೆಂದರೆ ಮುದುಕಿಯ ದನಿಯೇ ಬದಲಾಗುತ್ತಿತ್ತು. ಪ್ರಾಣೇಶನಿಗೆ ಇದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ, ಒಂದು ಚೂರು ಹೊಟ್ಟೆಕಿಚ್ಚು ಎರಡೂ ಇದ್ದವು.

ಆರು ತಿಂಗಳಿಂದ ಫಯಾಜನ ಮೊಣಕೈ ನೋವು. ಚಹಾದ ಕಪ್ಪು ಎತ್ತಿದರೂ ಮುಖ ಕಿವಿಚುತ್ತಾನೆ. ನಾಳೆ ಹಾನಗಲ್ಲಿನಲ್ಲಿ ಡಬಲ್ಸ್ ಪಂದ್ಯ, ಇಬ್ಬರೂ ಜೋಡಿ. ಗಟ್ಟಿ ದಾರ ಬಿಗಿದರೆ ಚೆಂಡಿನ ಪೆಟ್ಟು ನೇರ ಮೊಣಕೈಗೆ ಬಂದು ಬಡಿಯುತ್ತದೆ. ಕರುಳು ಮೆತ್ತಗೆ, ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ ಎಂದು ಪ್ರಾಣೇಶ ಎಲ್ಲಿಯೋ ಓದಿದ್ದ. ಅದನ್ನು ಹೇಳಿದಾಗ ಫಯಾಜ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಒಳಗೆ ಕೇಳೀತು ಅಂತ ದನಿ ತಗ್ಗಿಸಿ, 'ಏ ಪಾಣ್ಯಾ, ಅದು ಬ್ಯಾಡಪಾ. ನಿಮ್ಮ ಮನ್ಯಾಗ ಬಾಯಾರು ಅದಾರ. ನನ್ನ ಕೈ ಬಿದ್ದು ಹೋದ್ರೂ ಅಡ್ಡಿಯಿಲ್ಲ, ನೈಲಾನ ಹಾಕು' ಅಂದಿದ್ದ. ನೋಡೋಣ ತಗೋ ಎಂದು ಪ್ರಾಣೇಶ ಮಾತು ಹಾರಿಸಿದ್ದ. ಆ ವಾರವೇ ದವಾಖಾನೆಯ ವಿಳಾಸಕ್ಕೆ ತರಿಸಿದ. ಫಯಾಜನ ಮೊಣಕೈಗಾಗಿ ತರಿಸಿದ್ದು ನಿಜ. ಆದರೆ ಈ ಮಷಿನ್ನು ಹುಬ್ಬಳ್ಳಿಯಿಂದ ತಂದ ದಿನದಿಂದ, ನೈಲಾನು, ಪಾಲಿಯೆಸ್ಟರು ಎಳೆದೆಳೆದು ಬೆರಳು ಕಾಯಿಗಟ್ಟಿದಾಗಿನಿಂದ, ಸಾಯುವುದರೊಳಗೆ ಒಮ್ಮೆ ನಿಜವಾದ ಕರುಳು ಬಿಗಿಯಬೇಕೆಂಬ ಚಟ ಅವನಿಗಿತ್ತು. ಗೆಳೆಯನ ನೋವು ಆ ಚಟಕ್ಕೆ ಒಳ್ಳೆಯ ಬಟ್ಟೆ ತೊಡಿಸಿ ಹೊರಗೆ ಕರಕೊಂಡು ಬಂತು, ಅಷ್ಟೇ.

ದಾರವನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿದ, ಒಂದು ಉದ್ದ ಎಳೆಗಳಿಗೆ, ಒಂದು ಅಡ್ಡ ಎಳೆಗಳಿಗೆ. ಬುಡದ ತೂತುಗಳಿಂದ ಮೊದಲ ಎರಡು ಎಳೆ ಪೋಣಿಸಿ, ಒಂದನ್ನು ಚಿಮಟದಲ್ಲಿ ಕಚ್ಚಿಸಿ, ಇನ್ನೊಂದರ ತುದಿಯನ್ನು ಮಷಿನ್ನಿನ ಬಾಯಿಗೆ ಕೊಟ್ಟು, ತೂಕದ ಗುಂಡಿರುವ ಸರಳನ್ನು ಮೆಲ್ಲಗೆ ಇಳಿಬಿಟ್ಟ. ಸರಳು ನೆಲಕ್ಕೆ ಸಮನಾಗಿ ನಿಂತರೆ ಎಳೆತ ಸರಿ. ನೈಲಾನಿನಲ್ಲಿ ಅದು ದಡ್ಡನೆ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ, ಇಳಿಯಿತು, ತಡೆಯಿತು, ಮತ್ತೆ ಕೂದಲೆಳೆಯಷ್ಟು ಇಳಿಯಿತು, ಉಸಿರು ಬಿಟ್ಟ ಹಾಗೆ. ಅವನ ಮೈ ಜುಮ್ಮೆಂದಿತು. ಜೀವ ಹೋಗುತ್ತಿರುವ ಆಕಳ ಪಕ್ಕೆಯ ಮೇಲೆ ಅಂಗೈ ಇಟ್ಟಾಗ ಕೆಳಗೆ ಹೀಗೇ ಏನೋ ಮಿಸುಕುತ್ತದೆ. ಥೂ, ಇದೆಲ್ಲಾ ಈಗ ಯಾಕೆ ಎಂದುಕೊಂಡು ಎಡಕ್ಕೊಂದು, ಬಲಕ್ಕೊಂದು ಎಳೆ ಬಿಗಿಯುತ್ತಾ ಹೋದ. ಉದ್ದ ಎಳೆ ಮುಗಿದು ಗಂಟು ಹಾಕಿ ಕತ್ತರಿಸಿದಾಗ ಒಂದು ಮೊಳದಷ್ಟು ದಾರ ಉಳಿದು ನೆಲಕ್ಕೆ ಬಿತ್ತು. ಅವನು ಅದರ ಕಡೆ ನೋಡಲಿಲ್ಲ. ನೆಲಕ್ಕೆ ಬಿದ್ದ ತುಂಡು ಅವನ ಲೆಕ್ಕದಲ್ಲಿ ಮುಗಿದು ಹೋದ ವಸ್ತು. ಅಷ್ಟರಲ್ಲಿ ಫೋನು ಬಂತು. ಬಂಕಾಪುರದ ಹಾದಿಯಲ್ಲಿ ಹೊಲವಿರುವ ಶಿದ್ಲಿಂಗಪ್ಪ. 'ಸಾಹೇಬ್ರ, ಆಕಳ ಹೊಟ್ಟಿ ಉಬ್ಬಿ ನಗಾರಿ ಆಗೇತ್ರಿ. ಬಿದ್ದ ಬಿಟ್ಟೇತಿ. ರಜಾ ಅದೀರಂತ ಗೊತ್ತೈತ್ರಿ, ಆದ್ರ ನೀವ ಬರಬೇಕ್ರಿ' ಎಂದು ಅಳುವ ದನಿಯಲ್ಲಿ ಅಂದ.

ಉದ್ದ ಎಳೆಗಳನ್ನಷ್ಟೇ ಬಿಗಿದು ರ‍್ಯಾಕೆಟ್ಟನ್ನು ಹಾಗೇ ಬಿಡಬಾರದು, ಚೌಕಟ್ಟು ಸೊಟ್ಟಾಗುತ್ತದೆ. ಬೈಕಿನ ಮೇಲೆ ಹೋಗುವಾಗೆಲ್ಲ ಅವನಿಗೆ ಅದೇ ಚಿಂತೆ. ಹೊಲಕ್ಕೆ ಹೋಗಿ, ಆಕಳ ಎಡ ಪಕ್ಕೆಗೆ ಟೊಳ್ಳು ಸೂಜಿ ಚುಚ್ಚಿ ಗಾಳಿ ಬಿಟ್ಟ. ನಾರುವ ಗಾಳಿ ಸುಯ್ಯೆಂದು ಅವನ ಮುಖಕ್ಕೇ ಬಂತು. ಆಕಳು ಒದ್ದಾಡಿ, ಸ್ವಲ್ಪ ಹೊತ್ತಿನಲ್ಲಿ ಕತ್ತು ಎತ್ತಿ ಅವನನ್ನು ನೋಡಿತು. ಶಿದ್ಲಿಂಗಪ್ಪ ಕಾಲಿಗೆ ಬೀಳಲು ಬಗ್ಗಿದ, 'ನೀವು ನನ್ನ ಪಾಲಿಗೆ ದೇವರ್ರಿ ಸಾಹೇಬ್ರ' ಅಂದ. ಏಳೋ ಮಾರಾಯಾ ಎಂದು ಪ್ರಾಣೇಶ ಹಿಂದೆ ಸರಿದ. ಬೇರೆ ದಿನವಾಗಿದ್ದರೆ ಈ ಮಾತು ಮನೆಯವರೆಗೂ ಅವನ ಸಂಗಡ ಬರುತ್ತಿತ್ತು, ತಾಯಿಯ ಮುಂದೆ ಹೇಳಿಕೊಳ್ಳುತ್ತಲೂ ಇದ್ದ. ಇವತ್ತು ಆಕಳ ಕಣ್ಣು ನೆನಪಾಗಬಾರದೆಂದು ಗಾಡಿಯನ್ನು ಜೋರಾಗಿ ಓಡಿಸಿದ.

ಹಿತ್ತಲಲ್ಲಿ ಸ್ನಾನ ಮಾಡಿ, ಗಳದ ಮೇಲಿನ ಮಡಿ ಧೋತ್ರ ಉಟ್ಟು, ನೈವೇದ್ಯಕ್ಕೆಂದು ದೇವರ ಮನೆಯ ಹೊಸ್ತಿಲು ದಾಟಿದಾಗ ಹನ್ನೆರಡು ದಾಟಿತ್ತು. ತಾಯಿ ಅನ್ನ, ಸಾರು, ಪಾಯಸ ತಂದಿಟ್ಟು ಬದಿಗೆ ನಿಂತಿದ್ದಳು. ಎಂಬತ್ತರ ಹತ್ತಿರದ ಜೀವ, ಬೆನ್ನು ಬಾಗಿದೆ, ಕಣ್ಣು ಮಾತ್ರ ಇನ್ನೂ ಮಕ್ಕಳ ಪಾಟಿ ನೋಡುವ ಕಣ್ಣೇ. ಅವನು ತುಳಸಿ ಕೈಗೆ ತೆಗೆದುಕೊಳ್ಳುವುದರೊಳಗೆ ಆಕೆ ಅಂದಳು:

'ಪಾಣೀ, ಇದೇನಪಾ ಈ ಸಲದ ನಿನ್ನ ದಾರ? ಕರಗಲೇ ಇಲ್ಲ.'

'ಯಾವ ದಾರ?'

'ತೂಗುದೀಪದ ಸರಪಳಿ ಕೊಂಡಿ ಕಿತ್ತು ಬಂದಿತ್ತು. ಹೊರಗಿನ ಖೋಲಿಯೊಳಗ ನಿನ್ನ ತುಂಡು ಬಿದ್ದಿತ್ತು, ತೊಳದು ಕಟ್ಟೀನಿ. ಯಾವಾಗ್ಲೂ ಮಾಡ್ತೀನಲ್ಲ, ಗಂಟು ಬಿಚ್ಚಬಾರದು ಅಂತ ತುದಿ ದೀಪಕ್ಕ ಹಿಡದೆ. ನೈಲಾನ ಆದ್ರ ಕರಗಿ ಮಣಿ ಆಗ್ತದ. ಇದು ಚುರಚುರ ಅಂತ ಸುಟ್ಟು, ಕೂದಲ ಸುಟ್ಟಂಗ ನಾರ್ತು.'

ಪ್ರಾಣೇಶ ತಲೆ ಎತ್ತಿದ. ಹೌದು, ಅವನ ಮಷಿನ್ನಿನ ತುಂಡುಗಳನ್ನೆಲ್ಲ ಆಕೆ ವರ್ಷಗಟ್ಟಲೆ ಆರಿಸಿ ಡಬ್ಬಿಯಲ್ಲಿಡುತ್ತಾ ಬಂದಿದ್ದಾಳೆ. ತುಳಸಿಗೆ ಊರುಗೋಲು ಕಟ್ಟಿದ್ದು, ಗಳ ತೂಗಿಬಿಟ್ಟದ್ದು, ಎಲ್ಲಾ ಅದರಿಂದಲೇ. ನೋಡುತ್ತಲೇ ಇದ್ದವನಿಗೆ ಇವತ್ತು ನೆನಪಾಗಲಿಲ್ಲ. ಸಾಲಿಗ್ರಾಮದ ಸಂಪುಟದ ನೆತ್ತಿಯ ಮೇಲೆ ದೀಪ ಉರಿಯುತ್ತಿತ್ತು, ದೀಪದ ಮೇಲೆ ಸರಪಳಿ, ಸರಪಳಿ ಮತ್ತು ಕೊಕ್ಕೆಯ ನಡುವೆ ಜೇನಿನ ಬಣ್ಣದ ಎಳೆ, ಕೆಳಗಿನಿಂದ ಬೆಳಕು ಬಿದ್ದು ಚೆಂದ ಕಾಣುತ್ತಿತ್ತು. ರೇಶಿಮೆ ಅವ್ವಾ, ಹೊಸದಾಗಿ ಬಂದದ ಅಂದಿದ್ದರೆ ಮುಗಿಯುತ್ತಿತ್ತು. ರೇಶಿಮೆ ಸುಟ್ಟರೂ ಹಾಗೇ ನಾರುತ್ತದೆ, ರೇಶಿಮೆ ಮಡಿಗೂ ಬರುತ್ತದೆ, ಇದಕ್ಕಿಂತ ಚೊಕ್ಕ ಸುಳ್ಳು ಬೇರೊಂದಿರಲಿಲ್ಲ. ಅವನಿಗೆ ಅದು ಹೊಳೆಯಿತು ಕೂಡ. ಆದರೆ ದೇವರ ತಲೆಯ ಮೇಲೆ ಆಕಳ ಕರುಳು ತೂಗುತ್ತಿರಲಿ ಎಂದು ಬಿಟ್ಟು ಅದರ ಕೆಳಗೆ ನೈವೇದ್ಯ ಮಾಡುವಷ್ಟು ಎದೆ ಅವನಿಗಿರಲಿಲ್ಲ. ನಂಬಿಕೆ ಗಿಂಬಿಕೆ ಎಲ್ಲಾ ಕಾಲೇಜಿನಲ್ಲೇ ಕಳೆದು ಬಂದೆ ಅಂತ ಗೆಳೆಯರ ಮುಂದೆ ಹೇಳುತ್ತಿದ್ದವನು, ಈಗ ತುಳಸಿಯ ಕಡೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ.

'ಅದು ನೈಲಾನ ಅಲ್ಲ ಅವ್ವಾ. ಕರಳು.'

'ಕರಳು?'

'ಆಕಳದು.'

ಆಕೆ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಿಂದೆ ಗೋಡೆ ಎಲ್ಲಿದೆ ಎಂದು ಕೈಯಿಂದ ತಡವಿ ಅದಕ್ಕೆ ಒರಗಿದಳು. ಹುಡುಗನ ತಪ್ಪು ಲೆಕ್ಕ ನೋಡಿ ಕೇಳುವಾಗಿನ ಸಣ್ಣ ದನಿಯಲ್ಲಿ, 'ನಿನಗ ಗೊತ್ತಿತ್ತೇನು?' ಎಂದು ಕೇಳಿದಳು.

ಅವನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಬಹುಶಃ ಹೇಳುತ್ತಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ, ಅದೂ ಸುಳ್ಳೇ. 'ಇಲ್ಲ' ಅಂದ. 'ಫಯಾಜ ತಂದುಕೊಟ್ಟಿದ್ದ. ನೈಲಾನ ಅಂತ ತಿಳಕೊಂಡು ಹಾಕಲಿಕ್ಕತ್ತಿದ್ದೆ. ಈಗ ನೀ ಸುಟ್ಟ ವಾಸನಿ ಹೇಳಿದ ಮ್ಯಾಲೆ ಗೊತ್ತಾತು.'

ಒಂದೇ ಉಸಿರಿನಲ್ಲಿ, ತಡವರಿಸದೆ, ಎಷ್ಟು ನಯವಾಗಿ ಬಂತು ಅಂದರೆ ಅವನಿಗೇ ಆಶ್ಚರ್ಯ. ದೇವರಿಗೆ ನಿಜ ಹೇಳಿ, ಅದರ ದಂಡವನ್ನು ಫಯಾಜನ ತಲೆಗೆ ಕಟ್ಟಿದ್ದ. ತಾಯಿ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಿ ದೀಪ ಇಳಿಸಲು ಕೈ ಎತ್ತಿದ.

ಆಮೇಲಿನದೆಲ್ಲ ಸಾವಿನ ಮನೆಯಲ್ಲಿ ನಡೆದ ಹಾಗೆ ಮೆಲ್ಲಗೆ, ಸದ್ದಿಲ್ಲದೆ ನಡೆಯಿತು. ದಾರವನ್ನು ಅವನು ಹಾಳೆಯಲ್ಲಿ ಸುತ್ತಿ ಹೊರಗೆ ಒಯ್ದ. ಮಾಡಿದ ಅಡಿಗೆ ದೇವರಿಗಾಗಲಿಲ್ಲ. ಪಾಯಸದ ಸಮೇತ ಎಲ್ಲವನ್ನೂ ಬಾಗಿಲ ಮುಂದೆ ಬಂದ ಬೀದಿಯ ಆಕಳಿಗೆ ಇಟ್ಟರು, ಅದು ಬಾಲ ಬೀಸುತ್ತಾ ಚೊಕ್ಕಟ ತಿಂದು ಹೋಯಿತು. ಶುದ್ಧಿಗೆ ಪಂಚಗವ್ಯ ಬೇಕು, ಗೋಮೂತ್ರ ತಗೊಂಡು ಬಾ ಅಂದಳು ತಾಯಿ. ಹಿಂದಿನ ಓಣಿಯ ಉಡಚಪ್ಪನ ಕೊಟ್ಟಿಗೆಯಲ್ಲಿ ಅವನು ತಂಬಿಗೆ ಹಿಡಿದು ಆಕಳ ಹಿಂದೆ ಕಾಯುತ್ತಾ ನಿಂತ. 'ಡಾಕ್ಟರ ಸಾಹೇಬ್ರು ಇವತ್ತ ನಮ್ಮ ಆಕಳಕ್ಕ ಕೈ ಮುಗಿಯಾಕ ಬಂದಾರ ನೋಡ' ಎಂದು ಉಡಚಪ್ಪ ಹೆಂಡತಿಗೆ ಕೂಗಿ ಹೇಳಿ ನಕ್ಕ. ಅವನೂ ನಕ್ಕ. ಆಕಳು ಅವಸರ ಮಾಡಲಿಲ್ಲ. ನಿಂತಲ್ಲೇ ಅವನಿಗೆ ಹಸಿವೆಯಾಗುತ್ತಿತ್ತು, ಇಷ್ಟೆಲ್ಲಾ ಆದ ಮೇಲೂ ಹಸಿವೆಯಾಗುತ್ತದಲ್ಲ ಎಂದು ನಾಚಿಕೆಯಾಯಿತು.

ತಾಯಿ ಎರಡನೇ ಸಲ ತಣ್ಣೀರು ಮೈಮೇಲೆ ಹಾಕಿಕೊಂಡು ಬಂದು, ನಡುಗುತ್ತಾ, ದೇವರ ಮನೆ ತೊಳೆದಳು. ಅವನು ನಾ ಮಾಡ್ತೀನಿ ಬಿಡು ಅಂದರೆ ಕೇಳಲಿಲ್ಲ. ಕೊನೆಗೆ ಹೊಸ್ತಿಲಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, 'ಇಷ್ಟ ವರ್ಷ ಅವನ ಎಲಿ ದೇವರ ಮುಂದ ಇಟ್ಟೆ' ಅಂದಳು. 'ಇವತ್ತ ಶುಕ್ರವಾರ, ಬರ್ತಾನಲ್ಲ, ನಾನ ಕೇಳ್ತೀನಿ.'

ಹೊರಗಿನ ಖೋಲಿಗೆ ಬಂದು ಪ್ರಾಣೇಶ ಬಾಗಿಲು ಹಾಕಿಕೊಂ‌ಡ. ಫಯಾಜನಿಗೆ ಫೋನು ಮಾಡಬೇಕು, ಬರಬೇಡ ಅನ್ನಬೇಕು, ಅಥವಾ ನಡೆದದ್ದು ನಡೆದ ಹಾಗೆ ಹೇಳಬೇಕು. ಇಲ್ಲಾ ಒಳಗೆ ಹೋಗಿ ತಾಯಿಯ ಮುಂದೆ ನಿಲ್ಲಬೇಕು. ಮೂರೂ ದಾರಿ ಕಣ್ಣ ಮುಂದೆಯೇ ಇದ್ದವು, ಮುಳ್ಳು ಕಲ್ಲು ಏನೂ ಇಲ್ಲದ ದಾರಿ. ಫೋನು ಹಚ್ಚಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು, ಮಸೀದಿಯಲ್ಲಿದ್ದಾನೆ. ಎದೆಯ ಮೇಲಿನ ಭಾರ ಇಳಿದಂತಾಯಿತು, ಮಾಡುವುದನ್ನು ಮಾಡಿದೆನಲ್ಲ ಎಂಬ ಹಾಗೆ. ಆಮೇಲೆ ಕೈ ತಾನಾಗಿ ಮಷಿನ್ನಿಗೆ ಹೋಯಿತು. ಅರ್ಧಕ್ಕೆ ಬಿಟ್ಟ ಚೌಕಟ್ಟು ಇನ್ನೂ ಸೊಟ್ಟಾಗಿರಲಿಲ್ಲ.

ಅಡ್ಡ ಎಳೆ ಹಾಕುವುದು ತಾಳ್ಮೆಯ ಕೆಲಸ. ಒಂದು ಉದ್ದ ಎಳೆಯ ಮೇಲೆ, ಮುಂದಿನದರ ಕೆಳಗೆ, ಹೀಗೆ ನೇಯ್ದುಕೊಂಡು ಹೋಗಬೇಕು. ಅವಸರದಿಂದ ಎಳೆದರೆ ಕರುಳಿನ ಮೇಲೆ ಕರುಳು ಉಜ್ಜಿ ಸುಟ್ಟು ಎಳೆ ಎದ್ದು ಬರುತ್ತದೆ. ಅವನು ಅವಸರ ಮಾಡಲಿಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಸರಳು ಇಳಿಯಿತು, ಸಮನಾಯಿತು. ಚಿಮಟ ಕಚ್ಚಿಸಿದ. ನವಾಬರ ಕಾಲದಿಂದ ಒಂದೇ ಓಣಿಯ ನೀರು ಕುಡಿದವರು ನಾವು ಎಂದು ಜಮಾಲಸಾಬ ಅಪ್ಪನ ಹೆಗಲ ಮೇಲೆ ಕೈ ಹಾಕಿ ಹೇಳುತ್ತಿದ್ದದ್ದು, ಅಪ್ಪ ಹೋದ ದಿನ ಫಯಾಜ ಕಟ್ಟಿಗೆಯ ಗಾಡಿಯ ಹಿಂದೆ ಬರಿಗಾಲಲ್ಲಿ ಸ್ಮಶಾನದವರೆಗೆ ನಡೆದು ಬಂದು ಹೊರಗೇ ನಿಂತದ್ದು, ಒಳಗೆ ಬಾರೋ ಎಂದು ಯಾರೂ ಕರೆಯದೆ ಇದ್ದದ್ದು, ತಾನೂ ಕರೆಯದೆ ಇದ್ದದ್ದು. ಮೇಲೆ, ಕೆಳಗೆ. ಈಗಿನ ದಿನಮಾನ ಹಿಂದಿನಂತಿಲ್ಲ. ಆಕಳ ಹೆಸರು ಯಾವನ ಬಾಯಲ್ಲಿ ಬಂದರೂ ಮಂದಿ ಕೂಡುತ್ತಾರೆ. ಫಯಾಜ ದೇವರ ಮನೆಗೆ ಆಕಳ ಕರುಳು ಕೊಟ್ಟ ಎನ್ನುವ ಒಂದು ಮಾತು ಈ ಓಣಿ ದಾಟಿದರೆ ಸಂಜೆಯೊಳಗೆ ಬಂಕಾಪುರ ಮುಟ್ಟುತ್ತದೆ, ಮುಟ್ಟುವಾಗ ಅದು ಒಂದು ಮಾತಾಗಿ ಉಳಿದಿರುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ದೇವರ ಮನೆಯಲ್ಲಿ ಬಾಯಿ ತೆರೆಯುವಾಗಲೂ ಗೊತ್ತಿತ್ತೇ? ಗೊತ್ತಿತ್ತು ಅಂತ ಕಾಣುತ್ತದೆ. ಗೊತ್ತಿದ್ದೇ, ಯಾರ ಹೆಸರು ಹೇಳಿದರೆ ಮತ್ತೆ ಪ್ರಶ್ನೆ ಹುಟ್ಟುವುದಿಲ್ಲವೋ ಆ ಹೆಸರು ನಾಲಗೆಗೆ ಬಂದಿತ್ತು. ಅಂಗಡಿಯವನು ಮೋಸ ಮಾಡಿದ ಎನ್ನಬಹುದಿತ್ತಲ್ಲ, ಹುಬ್ಬಳ್ಳಿಯ ಯಾವನೋ ಒಬ್ಬ ಅಂಗಡಿಯವನು! ಅದು ಹೊಳೆಯಲೇ ಇಲ್ಲ. ಅವನಿಗೆ ತನ್ನ ಬಗ್ಗೆ ಭಯವಾಯಿತು.

ಕೊನೆಯ ಎಳೆಗೆ ಗಂಟು ಹಾಕುವಾಗ ಫೋನು ಬಾರಿಸಿತು. ಫಯಾಜ. 'ಏನೋ, ಫೋನ ಮಾಡಿದ್ದೆಲ್ಲ? ನಮಾಜಿನ್ಯಾಗ ಇದ್ದೆ.'

ಹೊರಗೆ ಯಾರದೋ ಗಾಡಿ ಹೋಯಿತು. 'ಏನಿಲ್ಲ' ಅಂದ ಪ್ರಾಣೇಶ. 'ಆಗೇದ. ಬಾ.'

ಮುಗಿದ ರ‍್ಯಾಕೆಟ್ಟನ್ನು ಅಂಗೈಯಿಂದ ಬಡಿದು ನೋಡಿದ. ತುಂಬಿದ ದನಿ. ಅವನ ಕೈಯಿಂದ ಇಷ್ಟು ಚೊಕ್ಕ ಕೆಲಸ ಎಂದೂ ಆಗಿರಲಿಲ್ಲ, ಒಂದು ಎಳೆ ಸೊಟ್ಟಿಲ್ಲ, ಒಂದು ಎಳೆ ಗೀರಿಲ್ಲ. ಅಳು ಬಂದ ಹಾಗಾಯಿತು, ಬರಲಿಲ್ಲ.

ಫಯಾಜ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು, ಬಾಳೆ ಪಟ್ಟಿಯಲ್ಲಿ ಸುತ್ತಿದ ಎಲೆ ಹಿಡಿದು ಬಂದ. ಕಟ್ಟೆಯ ಮೇಲೆ ಎಲೆ ಇಟ್ಟು ಚಪ್ಪಲಿ ಬಿಡುವುದರೊಳಗೆ ಭಾಗೀರಥಿಬಾಯಿ ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಪ್ರಾಣೇಶ ಹೊರಗಿನ ಖೋಲಿಯ ಬಾಗಿಲಲ್ಲಿ ರ‍್ಯಾಕೆಟ್ಟು ಹಿಡಿದು ನಿಂತಿದ್ದ. ನಡುವೆ ಕಟ್ಟೆಯ ಮೇಲೆ ಫಯಾಜ.

'ಬಾಯಾರ, ಹೆಂಗದೀರಿ? ಇವತ್ತ ಎಲಿ ಭಾಳ ಎಳೇವು ಅದಾವ್ರಿ.'

'ಎಲಿ ಇರ್ಲಿ. ಒಂದ ಮಾತು ಕೇಳ್ತೀನಿ, ಖರೆ ಹೇಳು. ಈ ಬ್ಯಾಟಿಗೆ ಹಾಕೋ ಕರಳಿನ ದಾರ ನೀ ತಂದುಕೊಟ್ಯೇನಪಾ?'

ಫಯಾಜ ತಟ್ಟನೆ ಪ್ರಾಣೇಶನ ಕಡೆ ತಿರುಗಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಪ್ರಾಣೇಶ ಬದುಕಿಕೊಳ್ಳುತ್ತಿದ್ದ. ಏನೋ ಹುಡುಕುವವನ ಹಾಗೆ ಫಯಾಜನ ಕಣ್ಣು ರ‍್ಯಾಕೆಟ್ಟಿನ ಮೇಲೆ, ಜೇನಿನ ಬಣ್ಣದ ಎಳೆಗಳ ಮೇಲೆ ಇಳಿದು, ಮತ್ತೆ ಮುಖಕ್ಕೆ ಬಂದು ನಿಂತಿತು. ಹೇಳು, ಈಗಲಾದರೂ ಹೇಳು ಎಂದು ಪ್ರಾಣೇಶ ತನಗೆ ತಾನೇ ಅನ್ನುತ್ತಿದ್ದ. ಒಂದು ಅಕ್ಷರ, ಬರೀ 'ಅವ್ವಾ' ಅಂದಿದ್ದರೂ ಸಾಕಿತ್ತು. ಫಯಾಜ ಬಹಳ ಹೊತ್ತು ಕಾದ. ಆಮೇಲೆ ತಲೆ ತಗ್ಗಿಸಿದ.

'ಹೌದ್ರಿ ಬಾಯಾರ' ಅಂದ. 'ನಾನ ತಂದಿದ್ದೆ. ತಿಳೀಲಿಲ್ರಿ. ತಪ್ಪಾತು.'

'ಅದನ್ನ ತಿಳೀದ ನಾ ದೇವರ ದೀಪಕ್ಕ ಕಟ್ಟಿದ್ದೆ.'

'ಯಾ ಅಲ್ಲಾ' ಎಂದು ಫಯಾಜ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಅದು ನಟನೆಯಲ್ಲ, ಈಗ ಅವನ ಮುಖ ನಿಜಕ್ಕೂ ಬಿಳಚಿತು. ಕಟ್ಟೆಯಿಂದ ಕೆಳಗಿಳಿದು ಅಂಗಳದ ಮಣ್ಣಿನಲ್ಲಿ ನಿಂತು ಎರಡೂ ಕೈ ಜೋಡಿಸಿದ. 'ಬಾಯಾರ, ನೀವು ಹೊಡದ್ರೂ ಹೊಡೀರಿ. ಆದ್ರ ಹೊರಗ ಯಾರಿಗೂ ಗೊತ್ತಾಗೂದು ಬ್ಯಾಡ್ರಿ. ಮನ್ಯಾಗ ಶಬೀನಾ ಒಬ್ಬಾಕೆ ಇರ್ತಾಳ್ರಿ, ನಾ ಇಡೀ ದಿನ ತ್ವಾಟದಾಗ ಇರ್ತೇನಿ.'

ಶಬೀನಾ ಅವನ ಹೆಂಡತಿ. ಭಾಗೀರಥಿಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಯಾರಿಗೂ ಹೇಳೂದಿಲ್ಲ' ಅಂದಳು. 'ಆದ್ರ ಇನ್ನ ಎಲಿ ತರಬ್ಯಾಡಪಾ. ನೀನೂ ಬರೂದು ಬ್ಯಾಡ.'

'ಆತ್ರಿ.'

ಅವನು ಎಲೆಯ ಸುತ್ತನ್ನು ಎತ್ತಿಕೊಂಡ. ಪ್ರಾಣೇಶ ರ‍್ಯಾಕೆಟ್ಟು ಮುಂದೆ ಚಾಚಿದ. ಯಾಕೆ ಚಾಚಿದನೋ ಅವನಿಗೇ ತಿಳಿಯದು, ಕೈಯಲ್ಲಿತ್ತು, ಚಾಚಿದ. ಇದನ್ನು ಈ ಮನೆಯಲ್ಲಿ ಬಿಡುವ ಹಾಗಿಲ್ಲ ಎಂದು ಫಯಾಜನಿಗೂ ಗೊತ್ತಿತ್ತು. ತೆಗೆದುಕೊಂಡ. ಎರಡು ಹೆಜ್ಜೆ ಹೋಗಿ, ತಿರುಗದೆಯೇ, 'ನಾಳೆ ಹಾನಗಲ್ಲಿಗೆ ಬ್ಯಾರೆ ಯಾರನರ ಕರಕೊಂಡ ಹೋಗ್ರಿ ಡಾಕ್ಟರ. ನನ್ನ ಕೈ ನೋಯಾಕತ್ತೈತಿ' ಅಂದ. ಹೋಗ್ರಿ ಅಂದಿದ್ದ. ಮಗ್ಗಿ ಕಲಿತ ದಿನದಿಂದ ಒಮ್ಮೆಯೂ ಅವನು ಪ್ರಾಣೇಶನಿಗೆ ಹಾಗೆ ಅಂದಿರಲಿಲ್ಲ.

ತಾಯಿ ಒಳಗೆ ಹೋದಳು. ಒಲೆ ಹತ್ತಿದ ಸದ್ದು, ಪಾತ್ರೆಯ ಸದ್ದು. ಪ್ರಾಣೇಶ ಪಡಸಾಲೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕೂತ. ಹೊರಗೆ ಹುಡುಗರು ಕೂಗಾಡುತ್ತಿದ್ದರು. ಹೊಸ ಅನ್ನ ಬೆಂದ ವಾಸನೆ, ಸಾರಿನ ಒಗ್ಗರಣೆಯ ವಾಸನೆ ಬಂದು ಅವನ ಬಾಯಲ್ಲಿ ನೀರೂರಿತು. ಎದ್ದು ಓಡಬೇಕು, ಓಣಿಯ ತುದಿಯಲ್ಲಿ ಫಯಾಜ ಇನ್ನೂ ಸಿಕ್ಕಾನು ಎಂದು ಅನ್ನಿಸುತ್ತಲೇ ಇತ್ತು. ಅನ್ನಿಸುತ್ತಾ ಅನ್ನಿಸುತ್ತಾ ಹೊತ್ತು ಇಳಿಯಿತು. ಕೊನೆಗೆ, ಹೇಳಿಬಿಡಬೇಕು, ಹೇಳಿದರೆ ಕನಿಷ್ಠ ಈ ಮುದುಕಿಯಾದರೂ ಅವನನ್ನು ಮತ್ತೆ ಕರೆಯುತ್ತಾಳೆ ಎಂಬ ಒಂದು ಧೈರ್ಯ ಎಲ್ಲಿಂದಲೋ ಬಂತು. ಎದ್ದು ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ನಿಂತ.

'ಅವ್ವಾ, ಆ ದಾರ ಫಯಾಜ ತಂದದ್ದಲ್ಲ.'

ಆಕೆ ಊಟಕ್ಕೆ ಎಲೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

'ಗೊತ್ತದ' ಅಂದಳು. 'ದನದ ಡಾಕ್ಟರಗ ದನದ ಕರಳು ಗೊತ್ತಾಗಲಿಲ್ಲ ಅಂದ್ರ ನಂಬಲಿಕ್ಕೆ ನಾ ಏನು ಹುಚ್ಚಿ ಏನು?'

'ಮತ್ತ ಅವನ್ನ ಯಾಕ ಕೇಳಿದಿ?'

'ಹೌದು ಅಂತಾನ ಅಂತ ಗೊತ್ತಿತ್ತು. ನಾನ ಕಲಿಸಿದ ಹುಡುಗ ಅವಾ.' ಮುದುಕಿಯ ದನಿ ಒಡೆಯಿತು; ಸೆರಗು ಬಾಯಿಗೆ ಒತ್ತಿಕೊಂಡು ಮತ್ತೆ ನೆಟ್ಟಗೆ ಮಾಡಿಕೊಂಡಳು. 'ಇಂಥಾದ್ದು ಆದ ಮ್ಯಾಲೆ ಯಾರರ ಒಬ್ಬರು ಈ ಮನಿ ಬಿಡಬೇಕಲ್ಲ. ನಿನ್ನ ಬಿಡ್ಲಿಕ್ಕೆ ನನಗ ಬರ್ತದೇನು? ಕೈ ತೊಳಕೊಂಡು ಬಾ. ಇನ್ನ ಈ ಮಾತು ನನ್ನ ಮುಂದ ತಗೀಬ್ಯಾಡ.'

ಅವನು ಕೈ ತೊಳೆದುಕೊಂಡು ಬಂದು ಎಲೆಯ ಮುಂದೆ ಕೂತ. ಆಕೆ ಅನ್ನ ಬಡಿಸಿ, ತುಪ್ಪ ಹಾಕಿ, ಸಾರು ಸುರಿದಳು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಕ್ಕಿಲ್ಲ ಅಂದುಕೊಂಡಿದ್ದ, ಇಳಿಯಿತು. ಎರಡನೆಯದು ಸಲೀಸಾಗಿ ಇಳಿಯಿತು. ಎಲೆ ಬರಿದಾದಾಗ ಅವನು ತಲೆ ಎತ್ತದೆ, 'ಇನ್ನೊಂಚೂರು ಅನ್ನ ನೀಡು' ಅಂದ.